ಮಾಡೋ ಜಾಗಕ್ಕೊಂದು ಚುಕ್ಕಿ: ಹುಬ್ಬಳ್ಳಿಯಿಂದ ಬ್ಯಾಡಗಿವರೆಗೆ ಮ್ಯಾಪ್ ಹಿಡಿದು ಮೂರು ದಿನ

ಶುಕ್ರವಾರ ರಾತ್ರಿ, ಹುಬ್ಬಳ್ಳಿ

ನಮ್ಮ ಸೋದರತ್ತೆಯ ಮಗ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾನೆ, ನಾನು ಅವನನ್ನು ತಮ್ಮ ಅಂತಲೇ ಕರೆಯುವುದು. ಅವನಿಗೆ ಬ್ರೂವರಿ ಅಂದರೆ ಪ್ರಾಣ. ಯಾವ ಊರಿಗೆ ಹೋದರೂ ಮೊದಲು ಲ್ಯಾಪ್‌ಟಾಪ್ ತೆಗೆದು ಆ ಊರಲ್ಲಿ ಬಿಯರ್ ತಯಾರಾಗುವ ಜಾಗ ಎಲ್ಲೆಲ್ಲಿದೆ ಅಂತ ಮ್ಯಾಪಿನಲ್ಲಿ ಹುಡುಕುತ್ತಾನೆ, ಹೋಗಿ ಗಾಜಿನಾಚೆ ನಿಂತಿರುವ ದೊಡ್ಡ ದೊಡ್ಡ ಹಂಡೆಗಳನ್ನು ನೋಡುತ್ತಾನೆ, ಮಾಡುವವರು ಮಾತಿಗೆ ಸಿಕ್ಕರಂತೂ ಒಂದು ತಾಸು ಅಲ್ಲೇ. ಕುಡಿಯುವುದು ಒಂದು ಸಣ್ಣ ಗ್ಲಾಸ್. ಗಾಡಿ ಓಡಿಸುವ ದಿನ ಅದೂ ಇಲ್ಲ. ಈ ವಿಷಯದಲ್ಲಿ ಅವನು ಬಹಳ ಕಟ್ಟುನಿಟ್ಟು, ನನಗೆ ಅದು ತುಂಬಾ ಇಷ್ಟ.

ಫೆಬ್ರವರಿಯಲ್ಲಿ ಸೋಮವಾರಕ್ಕೂ ರಜೆ ಹಾಕಿ ನಮ್ಮ ಮನೆಗೆ ಬಂದ. ಊಟ ಆದಮೇಲೆ ಲ್ಯಾಪ್‌ಟಾಪ್ ತೆರೆದು ತನ್ನ ಮ್ಯಾಪ್ ತೋರಿಸಿದ. ಅದು ಓಪನ್‌ಸ್ಟ್ರೀಟ್‌ಮ್ಯಾಪ್ ಮೇಲೆ ನಡೆಯುವ ಕೆಲಸ. 2004ರಲ್ಲಿ ಬ್ರಿಟನ್ನಿನಲ್ಲಿ ಶುರುವಾದ ಮ್ಯಾಪ್ ಇದು, ಯಾರು ಬೇಕಾದರೂ ಖಾತೆ ತೆರೆದು ಅದರಲ್ಲಿ ತಮ್ಮ ಓಣಿ, ಅಂಗಡಿ, ಬಾವಿ ಸೇರಿಸಬಹುದು. ಪ್ರತಿಯೊಂದು ಚುಕ್ಕಿಯ ಹಿಂದೆ ಸಣ್ಣ ಸಣ್ಣ ಟ್ಯಾಗ್ ಇರುತ್ತವೆ. ಹೆಸರು, ತೆರೆಯುವ ಹೊತ್ತು, ಫೋನ್ ನಂಬರ್, ಏನು ಕೆಲಸ ನಡೆಯುತ್ತದೆ ಅಂತ. ಓವರ್‌ಪಾಸ್ ಟರ್ಬೋ ಅಂತ ಒಂದು ತಾಣ ಇದೆ, ಅಲ್ಲಿ ಹೋಗಿ ಈ ಪರದೆಯಲ್ಲಿ ಕಾಣುವ ಜಾಗದಲ್ಲಿ ಬ್ರೂವರಿ ಟ್ಯಾಗ್ ಇರುವುದನ್ನೆಲ್ಲ ತೋರಿಸು ಅಂತ ಕೇಳಿದರೆ ಚುಕ್ಕಿಗಳು ಪಟಪಟ ಬೀಳುತ್ತವೆ. ಬೆಂಗಳೂರಿಗೆ ಕೇಳಿದ. ಇಂದಿರಾನಗರ, ಕೋರಮಂಗಲದ ಹತ್ತಿರ ಒಂದರ ಪಕ್ಕ ಒಂದು.

ನನಗೆ ಹಿಡಿಸಿದ್ದು ಬೇರೆ ಒಂದು ಸಂಗತಿ. ಆ ಮ್ಯಾಪಿನಲ್ಲಿ ಬರೀ ಬಿಯರ್ ಮಾರುವ ಜಾಗ ಬೇರೆ, ಬಿಯರ್ ಮಾಡುವ ಜಾಗ ಬೇರೆ. ಮಾರುವುದು ಬಾರ್ ಅಥವಾ ಪಬ್. ಮಾಡುವುದಕ್ಕೆ ಕ್ರಾಫ್ಟ್ ಅನ್ನುವ ಗುಂಪಿನಲ್ಲಿ ಬ್ರೂವರಿ ಅಂತ ಬೇರೆ ಟ್ಯಾಗ್. ಪಬ್ಬಿನ ಒಳಗೇ ಬಿಯರ್ ತಯಾರಾಗುತ್ತಿದ್ದರೆ ಪಬ್ ಅಂತ ಹಾಕಿ, ಮೈಕ್ರೋಬ್ರೂವರಿ ಹೌದು ಅಂತ ಇನ್ನೊಂದು ಮಾತು ಸೇರಿಸುತ್ತಾರೆ. ಇದೊಂದು ಭೇದ ಇಟ್ಟಿದ್ದರಿಂದಲೇ ಜಗತ್ತಿನ ಬ್ರೂವರಿ ಪ್ರೇಮಿಗಳೆಲ್ಲ ತಮಗೆ ಬೇಕಾದ್ದನ್ನು ಒಂದೇ ಏಟಿಗೆ ಹುಡುಕಿಕೊಳ್ಳುತ್ತಾರೆ.

ಮ್ಯಾಪನ್ನು ನಮ್ಮ ಕಡೆ ಎಳೆದ. ಹುಬ್ಬಳ್ಳಿ, ಗದಗ, ಹಾವೇರಿ. "ಅಣ್ಣಾ, ಇಲ್ಲಿ ನೋಡೋಕೆ ಏನೂ ಇಲ್ವಲ್ಲೋ" ಅಂದ.

ಆ ಮಾತು ನನಗೆ ನಾಟಿತು. ನಮ್ಮ ಕಡೆ ಮಾಡುವ ಜನ ಕಡಿಮೆಯೇ? ಪೇಡಾ ಇದೆ, ಗೋಲಿ ಸೋಡಾ ಇದೆ, ಬೆಟಗೇರಿಯ ಮಗ್ಗ ಇದೆ, ಹಾವೇರಿಯ ಏಲಕ್ಕಿ ಹಾರ ಇದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ರಾಷ್ಟ್ರಧ್ವಜವೇ ತಯಾರಾಗುತ್ತದೆ. ನೀನು ಬ್ರೂವರಿ ಹುಡುಕುವ ಹಾಗೆಯೇ ಇವನ್ನು ಹುಡುಕೋಣ ನಡಿ, ಮಾರುವ ಅಂಗಡಿ ಬೇಡ, ಮಾಡುವ ಜಾಗ ಮಾತ್ರ, ಅಂದೆ. ಅವನಿಗೂ ಹುರುಪು ಬಂತು.

ರಾತ್ರಿ ಒಂದು ಗಂಟೆಯವರೆಗೆ ಕೂತೆವು. ಯೂಮ್ಯಾಪ್‌ನಲ್ಲಿ ನಮ್ಮದೇ ಒಂದು ಮ್ಯಾಪ್ ಮಾಡಿದೆವು, ಅದು ಪುಕ್ಕಟೆ, ಓಪನ್‌ಸ್ಟ್ರೀಟ್‌ಮ್ಯಾಪ್ ಮೇಲೆ ನಮಗೆ ಬೇಕಾದ ಪದರ ಹಾಕಿಕೊಳ್ಳಬಹುದು. ಕೆಂಪು ಚುಕ್ಕಿ ಅಂದರೆ ಖಾತ್ರಿ, ಹಳದಿ ಅಂದರೆ ಕೇಳಿದ ಮಾತು, ಹೋಗಿ ನೋಡಬೇಕು. ಆಮೇಲೆ ಓಪನ್‌ರೂಟ್‌ಸರ್ವಿಸ್ ತಾಣದಲ್ಲಿ ನಮ್ಮ ಮನೆಯಿಂದ ಕಾರಿನಲ್ಲಿ ಒಂದು ತಾಸಿಗೆ ಎಲ್ಲಿಯವರೆಗೆ ಹೋಗಬಹುದು ಅಂತ ಕೇಳಿದರೆ ಅದು ಗುಂಡಗೆ ಬರಲಿಲ್ಲ. ಹೆದ್ದಾರಿ ಇರುವ ಕಡೆ ನಾಲಿಗೆ ಚಾಚಿದ ಹಾಗೆ ಉದ್ದ, ಹಳ್ಳಿ ರಸ್ತೆ ಕಡೆ ಮೊಂಡು. ಮ್ಯಾಪಿನಲ್ಲಿ ಹತ್ತಿರ ಕಂಡದ್ದೆಲ್ಲ ಹತ್ತಿರ ಅಲ್ಲ ಅಂತ ಅದನ್ನು ನೋಡಿದರೆ ಗೊತ್ತಾಗುತ್ತದೆ. ದಿನಕ್ಕೆ ಎರಡು ಅಥವಾ ಮೂರು ಜಾಗ ಸಾಕು ಅಂದ ತಮ್ಮ. ಬ್ರೂವರಿ ಸುತ್ತಿ ಸುತ್ತಿ ಅವನು ಕಲಿತ ಲೆಕ್ಕ ಅದು. ಬ್ಯಾಡಗಿ ಮಾರುಕಟ್ಟೆಯ ದಿನ ಸೋಮವಾರ ಮತ್ತು ಗುರುವಾರ, ಹಾಗಾಗಿ ಸೋಮವಾರ ಬ್ಯಾಡಗಿ ಅಂತ ಮೊದಲು ಗಟ್ಟಿ ಮಾಡಿಕೊಂಡು ಉಳಿದದ್ದನ್ನು ಅದರ ಹಿಂದೆ ಜೋಡಿಸಿದೆವು.

ಶನಿವಾರ, ಹುಬ್ಬಳ್ಳಿ ಮತ್ತು ಧಾರವಾಡ

ಮೊದಲು ಸೋಡಾ. ಮ್ಯಾಪಿನಲ್ಲಿ ಸೋಡಾ ಅಂತ ಕನ್ನಡದಲ್ಲಿ ಹುಡುಕಿದೆವು, ಇಂಗ್ಲಿಷಿನಲ್ಲಿ ಹುಡುಕಿದೆವು. ಬಂದದ್ದೆಲ್ಲ ಕೋಲ್ಡ್ ಡ್ರಿಂಕ್ಸ್ ಅಂಗಡಿ, ಜ್ಯೂಸ್ ಸೆಂಟರ್, ಒಂದು ಬೇಕರಿ. ಮಾಡುವ ಜಾಗ ಒಂದೂ ಇಲ್ಲ. ಆಗ ತಮ್ಮ ಒಂದು ಉಪಾಯ ಹೇಳಿದ. ಬೆಂಗಳೂರಿನಲ್ಲಿ ಒಳ್ಳೆ ಬಿಯರ್ ಕುಡಿದಾಗ ಅವನು ಮೊದಲು ಕೇಳುವುದು ಇದು ಎಲ್ಲಿಂದ ಬರುತ್ತದೆ ಅಂತ. ನಾವೂ ಹಾಗೇ ಮಾಡಿದೆವು. ಹಳೇ ಹುಬ್ಬಳ್ಳಿಯ ಒಂದು ಪಾನ್ ಅಂಗಡಿ ಮುಂದೆ ಗೋಲಿ ಸೋಡಾ ಕ್ರೇಟ್ ಇತ್ತು.

"ಇದನ್ನ ಎಲ್ಲಿ ಮಾಡ್ತಾರ್ರಿ?"

"ಇಲ್ಲೇ ಹಿಂದಿನ ಓಣಿಯೊಳಗ ಮಾಡ್ತಾರ್ರಿ. ಮುಂಜಾನೆ ಗಾಡಿ ಮ್ಯಾಲ ತಂದು ಇಟ್ಟ ಹೋಗತಾರ."

ಎರಡು ಓಣಿ ದಾಟಿ ಹೋದರೆ ಒಂದು ತಗಡಿನ ಬಾಗಿಲು, ಒಳಗಿಂದ ಬಾಟ್ಲಿ ತಾಕುವ ಸದ್ದು. ಎಪ್ಪತ್ತು ದಾಟಿದ ಅಜ್ಜ, ಜೊತೆಗೆ ಅವರ ಮಗ. ಕಾಲಿಡಲು ಜಾಗ ಇಲ್ಲ, ನೆಲ ಎಲ್ಲ ಒದ್ದೆ. ಒಂದು ಬದಿಗೆ ಗ್ಯಾಸ್ ಸಿಲಿಂಡರ್, ನಡುವೆ ಕಬ್ಬಿಣದ ಚೌಕಟ್ಟು. ಅಜ್ಜ ಬಾಟ್ಲಿಗೆ ನೀರು ತುಂಬಿ ಆ ಚೌಕಟ್ಟಿನಲ್ಲಿ ಮಲಗಿಸಿ ಬಾಯಿಗೆ ಗ್ಯಾಸ್ ನಳಿಗೆ ಬಿಗಿದರು. ಆಮೇಲೆ ಚಕ್ರ ತಿರುಗಿಸಿದರು. ಇಡೀ ಚೌಕಟ್ಟು ಬಾಟ್ಲಿ ಸಮೇತ ತಿರುಗುತ್ತದೆ. ತಿರುಗುವಾಗ ನೀರೂ ಗ್ಯಾಸೂ ಬೆರೆಯುತ್ತವೆ. ಬಾಟ್ಲಿ ತಲೆಕೆಳಗಾದಾಗ ಗೋಲಿ ಜಾರಿ ಕುತ್ತಿಗೆಗೆ ಬಂದು ಕೂರುತ್ತದೆ, ಅಲ್ಲಿ ಒಂದು ರಬ್ಬರ್ ವಾಷರ್ ಇದೆ, ಒಳಗಿನ ಗ್ಯಾಸೇ ಗೋಲಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತದೆ. ಬಿರಡೆ ಬೇಡ, ಮುಚ್ಚಳ ಬೇಡ. ಹೈರಮ್ ಕಾಡ್ ಅನ್ನುವ ಇಂಗ್ಲಿಷ್ ಎಂಜಿನಿಯರ್ 1872ರಲ್ಲಿ ಪೇಟೆಂಟ್ ತೆಗೆದುಕೊಂಡ ಬಾಟ್ಲಿ ಇದು. ಅದೇ ಉಪಾಯ ಇವತ್ತು ಹಳೇ ಹುಬ್ಬಳ್ಳಿಯ ತಗಡಿನ ಶೆಡ್ಡಿನಲ್ಲಿ ಅಜ್ಜನ ಕೈಯಲ್ಲಿ ತಿರುಗುತ್ತಿದೆ. ನಾನು ಚಿಕ್ಕಂದಿನಿಂದ ಗೋಲಿ ಸೋಡಾ ಕುಡಿದಿದ್ದೇನೆ, ಗೋಲಿ ಅಲ್ಲಿಗೆ ಹೇಗೆ ಹೋಗಿ ಕೂರುತ್ತದೆ ಅಂತ ನೋಡಿದ್ದು ಅವತ್ತೇ ಮೊದಲು.

ಬಾಟ್ಲಿ ಕುತ್ತಿಗೆಯ ಕೆಳಗೆ ಎರಡು ತಗ್ಗು ಇರುತ್ತವೆ ನೋಡಿ. ಕುಡಿಯುವಾಗ ಆ ಬದಿ ಕೆಳಗೆ ಮಾಡಿ ಹಿಡಿದರೆ ಗೋಲಿ ಅಲ್ಲೇ ಸಿಕ್ಕಿಕೊಂಡು ನಿಲ್ಲುತ್ತದೆ, ಬಾಯಿಗೆ ಅಡ್ಡ ಬರುವುದಿಲ್ಲ. ಅಜ್ಜ ಇದನ್ನು ತೋರಿಸುವಾಗ ಬಾಟ್ಲಿಯನ್ನು ಎರಡು ಬೆರಳಿನಲ್ಲಿ ಹಿಡಿದು ಹೊರಳಿಸಿದರು, ಗೋಲಿ ಟಿಕ್ ಅಂತ ತಗ್ಗಿನಲ್ಲಿ ನಿಂತಿತು.

ತಮ್ಮ ಅಲ್ಲೇ ಕೂತುಬಿಟ್ಟ. ಬಿಯರಿನಲ್ಲಿ ಈಸ್ಟ್ ಮಾಲ್ಟಿನ ಸಕ್ಕರೆ ತಿಂದು ತಾನೇ ಗ್ಯಾಸ್ ಹುಟ್ಟಿಸುತ್ತದೆ, ಏಲ್ ಬಿಯರಿಗೆ ಒಂದೆರಡು ವಾರ ಬೇಕು, ಲಾಗರ್ ಬಿಯರಿಗೆ ತಂಪಿನಲ್ಲಿ ಇನ್ನೂ ಹೆಚ್ಚು ವಾರ ಬೇಕು ಅಂತ ಅಜ್ಜನಿಗೆ ಹೇಳಿದ. ಅಜ್ಜ ಪೂರ್ತಿ ಕೇಳಿಸಿಕೊಂಡರು. "ನಮ್ಮದರಾಗ ನೀರು ಥಣ್ಣಗಿರಬೇಕಪಾ. ಥಣ್ಣನ ನೀರು ಗ್ಯಾಸ್ ಹಿಡಿತೈತಿ. ಬ್ಯಾಸಿಗಿ ನೀರು ಹಿಡಿಯಂಗಿಲ್ಲ. ಅದಕ್ಕ ಬರ್ಫ ಹಾಕಿ ನೀರು ಇಡತೀನಿ." ತಮ್ಮ ನನ್ನ ಕಡೆ ತಿರುಗಿ, ಬ್ರೂವರಿಯವರೂ ಇದೇ ಹೇಳ್ತಾರೆ ಅಣ್ಣ, ತಂಪಾದಷ್ಟೂ ಗ್ಯಾಸ್ ಜಾಸ್ತಿ ಕರಗುತ್ತೆ ಅಂತ, ಅಂದ.

ಹೊರಡುವ ಮುಂಚೆ ಕೇಳಿದೆವು, ಅಜ್ಜಾರ, ನಿಮ್ಮ ಜಾಗ ಮ್ಯಾಪಿನಲ್ಲಿ ಹಾಕಬಹುದಾ ಅಂತ.

"ಹಾಕಿದ್ರ ಏನಾಗತೈತಿ?"

"ಜನ ಹುಡುಕಿಕೊಂಡು ಬರ್ತಾರ್ರಿ."

ಸ್ವಲ್ಪ ಹೊತ್ತು ಯೋಚನೆ ಮಾಡಿದರು. "ಹಂಗಾದ್ರ ಮಧ್ಯಾಹ್ನ ಮೂರರ ಮ್ಯಾಲ ಬರ್ರಿ ಅಂತ ಬರಿ. ಮುಂಜಾನಿ ಕೆಲಸದಾಗ ಮಾತಾಡಾಕ ಆಗಂಗಿಲ್ಲ."

ಫೋನಿನಲ್ಲಿ ಬರೆದುಕೊಂಡೆ.

ಬೆಂಗೇರಿಗೆ ಹೋಗಿ ಬಂದದ್ದು ಬೇಗ ಮುಗಿಯಿತು. ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ 1957ರಲ್ಲಿ ಶುರುವಾದದ್ದು, ಧ್ವಜದ ಬಟ್ಟೆ ಬಾಗಲಕೋಟೆ ಕಡೆ ನೇಯ್ದು ಬರುತ್ತದೆ, ಹೊಲಿಗೆ ಇಲ್ಲಿ. ಒಂಬತ್ತು ಅಳತೆ, 150 ಮಿಲಿಮೀಟರ್ ಉದ್ದದ ಮೇಜಿನ ಧ್ವಜದಿಂದ 6300 ಮಿಲಿಮೀಟರ್ ಉದ್ದದ ದೊಡ್ಡ ಧ್ವಜದವರೆಗೆ. ನಾವು ಮಳಿಗೆಗೆ ಹೋಗಿ ಒಂದು ಸಣ್ಣ ಧ್ವಜ ತೆಗೆದುಕೊಂಡೆವು. ಕೆಲಸದ ಕೋಣೆ ನೋಡಬೇಕೆಂದರೆ ಮುಂಚೆ ಕೇಳಿಕೊಂಡು ಹೋಗುವುದು ಒಳ್ಳೆಯದು, ಮುಂದಿನ ಸಲ ಹಾಗೇ ಮಾಡುತ್ತೇವೆ.

ಧಾರವಾಡಕ್ಕೆ ಕಾರು ಬೇಡ ಅಂತ ಚಿಗರಿ ಬಸ್ ಹತ್ತಿದೆವು. ಹುಬ್ಬಳ್ಳಿ, ಧಾರವಾಡದ ನಡುವೆ ಈ ಬಸ್ಸಿಗೆ ಬಹಳ ದೂರ ಬೇರೆಯೇ ದಾರಿ ಇದೆ, ತಡೆ ಕಡಿಮೆ. ಕಿಟಕಿ ಪಕ್ಕ ಕೂತು ತಮ್ಮ ಫೋನಿನಲ್ಲಿ ಧಾರವಾಡ ಪೇಡಾ ಅಂತ ಹುಡುಕಿದ. ಸೋಡಾದ್ದು ಒಂದು ತೊಂದರೆ ಆದರೆ ಪೇಡಾದ್ದು ಅದರ ಉಲ್ಟಾ. ಮ್ಯಾಪ್ ತುಂಬ ಚುಕ್ಕಿ. ಹೆದ್ದಾರಿ ಬದಿ, ಬಸ್ ಸ್ಟ್ಯಾಂಡ್, ರೈಲ್ವೆ ಸ್ಟೇಷನ್, ಎಲ್ಲ ಕಡೆ ಧಾರವಾಡ ಪೇಡಾ. ಇದರಲ್ಲಿ ಹಾಲು ಕಾಯಿಸಿ ಪೇಡಾ ಮಾಡುವ ಒಲೆ ಎಲ್ಲಿದೆ, ಡಬ್ಬಿ ಮಾರುವ ಕೌಂಟರ್ ಎಲ್ಲಿದೆ ಅಂತ ಹೇಗೆ ಗೊತ್ತಾಗಬೇಕು? ಪೇಡಾ ಕಾರ್ಖಾನೆ ಅಂತ ಹೆಸರಿದ್ದ ಒಂದು ಚುಕ್ಕಿಯನ್ನು ನಂಬಿ ಹೋದರೆ ಅಲ್ಲಿದ್ದದ್ದು ಬೀಗ ಹಾಕಿದ ಗೋದಾಮು. ಅರ್ಧ ತಾಸು ಹಾಗೇ ಹೋಯಿತು.

ಜುಬಿಲಿ ಸರ್ಕಲ್‌ಗೆ ವಾಪಸ್ ಬಂದು ಲೈನ್ ಬಜಾರ್ ಕಡೆ ನಡೆದೆವು. ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಬಂದು ಇಲ್ಲಿ ನೆಲೆಸಿದ ಠಾಕೂರ್ ಮನೆತನ ಶುರು ಮಾಡಿದ ಪೇಡಾ ಇವತ್ತು ಭೌಗೋಳಿಕ ಗುರುತು, ಅಂದರೆ ಇದು ಇದೇ ಊರಿನದು ಅನ್ನುವ ಸರ್ಕಾರದ ಜಿಐ ಮುದ್ರೆ, ಪಡೆದ ಧಾರವಾಡದ ಹೆಸರು. ಠಾಕೂರ್ ಪೇಡಾ ತೆಗೆದುಕೊಂಡೆವು. ಆದರೆ ಮಾಡುವುದನ್ನು ಕಣ್ಣಾರೆ ನೋಡಿದ್ದು ಇನ್ನೊಂದು ಸಣ್ಣ ಅಂಗಡಿಯ ಹಿಂಭಾಗದಲ್ಲಿ, ಅವರು ದೊಡ್ಡ ಮನಸ್ಸಿನಿಂದ ಒಳಗೆ ಬಿಟ್ಟರು. ದೊಡ್ಡ ಕಬ್ಬಿಣದ ಬಾಣಲೆ, ಅದರಲ್ಲಿ ಖವಾ. ಒಬ್ಬರು ಉದ್ದ ಹಿಡಿಕೆಯ ಸೌಟು ಹಿಡಿದು ಕೆದಕುತ್ತಲೇ ಇದ್ದರು. ಬಿಳಿ ಇದ್ದದ್ದು ಹಳದಿ ಆಗಿ, ಜೇನಿನ ಬಣ್ಣ ಆಗಿ, ಕೊನೆಗೆ ಕಂದು. ಕೈ ನಿಲ್ಲಿಸಿದರೆ ತಳ ಹಿಡಿಯುತ್ತದೆ ಅಂದರು. ಆರಿದ ಮೇಲೆ ಉಂಡೆ ಮಾಡಿ ಸಕ್ಕರೆ ಪುಡಿಯಲ್ಲಿ ಹೊರಳಿಸುತ್ತಾರೆ. ಬಿಸಿ ಇರುವಾಗಲೇ ಒಂದು ಚೂರು ಕೈಗೆ ಹಾಕಿದರು. ಡಬ್ಬಿಯಲ್ಲಿ ಬರುವ ಪೇಡಾದಲ್ಲಿ ಆ ಹೊಗೆಯ ವಾಸನೆ ಅಷ್ಟಾಗಿ ಉಳಿದಿರುವುದಿಲ್ಲ.

ಅವತ್ತು ರಾತ್ರಿ ನಮ್ಮ ಮ್ಯಾಪಿನಲ್ಲಿ ಎರಡು ಕೆಂಪು ಚುಕ್ಕಿ ಜಾಸ್ತಿ ಆದವು. ಗೋದಾಮಿನ ಹಳದಿ ಚುಕ್ಕಿ ಅಳಿಸಿದೆವು.

ಭಾನುವಾರ, ಗದಗ, ಬೆಟಗೇರಿ, ಲಕ್ಕುಂಡಿ

ಬೆಳಿಗ್ಗೆ ಆರಕ್ಕೆ ಬಿಟ್ಟೆವು. ಅಣ್ಣಿಗೇರಿಯಲ್ಲಿ ಚಹಾ. ಪಂಪ ಹುಟ್ಟಿದ ಊರು ಅಂತ ಹೆಸರಾದ ಊರಲ್ಲಿ ಗಾಡಿ ನಿಲ್ಲಿಸದೆ ಹೋಗಲು ಮನಸ್ಸಾಗಲಿಲ್ಲ, ಅಮೃತೇಶ್ವರ ಗುಡಿಗೆ ಒಂದು ಸುತ್ತು ಹಾಕಿ ಹೊರಟೆವು.

ಬೆಟಗೇರಿಯ ಮಗ್ಗಗಳ ಬಗ್ಗೆ ಮ್ಯಾಪಿನಲ್ಲಿ ನಮಗೆ ಸಿಕ್ಕಿದ್ದು ಸೀರೆ ಅಂಗಡಿ ಮಾತ್ರ. ಮತ್ತೆ ಅದೇ ಕಥೆ, ಮಾರುವ ಜಾಗ ಇದೆ, ನೇಯುವ ಜಾಗ ಇಲ್ಲ. ಗಾಡಿ ನಿಲ್ಲಿಸಿ ನಡೆಯುತ್ತಾ ಹೋದೆವು. ಮೂರನೇ ಓಣಿಯಲ್ಲಿ ಕೇಳಿಸಿತು, ಲಟಕ್ ಪಟಕ್, ಲಟಕ್ ಪಟಕ್. ಆ ಸದ್ದು ಹಿಡಿದು ಹೋದರೆ ಒಂದು ಮನೆಯ ಪಡಸಾಲೆ, ನೆಲದಲ್ಲಿ ಕುಣಿ ತೋಡಿ ಕೂರಿಸಿದ ಮಗ್ಗ, ಕುಣಿಯಲ್ಲಿ ಕಾಲು ಬಿಟ್ಟುಕೊಂಡು ಕೂತ ಒಬ್ಬ ಅಕ್ಕ. ಕಾಲಲ್ಲಿ ಹಲಗೆ ಒತ್ತಿದರೆ ಹಾಸಿನ ಎಳೆ ಮೇಲೆ ಕೆಳಗೆ ಆಗುತ್ತದೆ, ಕೈಯಲ್ಲಿ ಹಗ್ಗ ಎಳೆದರೆ ಲಾಳಿ ಆ ಕಡೆಯಿಂದ ಈ ಕಡೆ ಓಡುತ್ತದೆ. ಮಾತಾಡುತ್ತಲೇ ನೇಯುತ್ತಿದ್ದರು, ಎಳೆ ಕಡಿದಾಗ ಮಾತ್ರ ಮಾತು ನಿಂತಿತು. ಕಡಿದ ಎಳೆಯ ಎರಡು ತುದಿ ಬೆರಳಿನಲ್ಲಿ ಹೊಸೆದು ಸೇರಿಸಿದರು, ಎಲ್ಲಿ ಸೇರಿತು ಅಂತ ನನ್ನ ಕಣ್ಣಿಗೆ ಕಾಣಲಿಲ್ಲ.

ಅವರನ್ನೂ ಕೇಳಿದೆವು, ಮ್ಯಾಪಿನಲ್ಲಿ ಹಾಕಲೇ ಅಕ್ಕಾರ ಅಂತ. "ಬ್ಯಾಡ್ರಿ" ಅಂದರು. "ಇದು ಮನಿ, ಅಂಗಡಿ ಅಲ್ಲ. ನೀವು ಬಂದ್ರಿ, ಛಲೋ ಆತು. ದಿನಾ ಯಾರರ ಬಂದ್ರ ಸೀರಿ ಯಾವಾಗ ಮುಗಿಸೋದು?"

ಸರಿಯಾದ ಮಾತು. ಬ್ರೂವರಿ ಅಂದರೆ ಜನ ಬರಲಿ ಅಂತಲೇ ತೆರೆದ ಜಾಗ. ಮಗ್ಗದ ಮನೆ ಹಾಗಲ್ಲ, ಅಲ್ಲಿ ಮಗು ಮಲಗಿರುತ್ತದೆ, ಒಲೆ ಮೇಲೆ ಅನ್ನ ಇರುತ್ತದೆ. ಕಂಡದ್ದೆಲ್ಲ ಮ್ಯಾಪಿಗೆ ಏರಿಸುವ ಚಾಳಿ ಇರುವವರು ಈ ಒಂದು ಮಾತನ್ನು ದಯವಿಟ್ಟು ನೆನಪಿಡಿ. ನಾವು ಅಲ್ಲಿ ಚುಕ್ಕಿ ಹಾಕಲಿಲ್ಲ, ಓಣಿಯ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ.

ಗದುಗಿನ ವೀರನಾರಾಯಣ ಗುಡಿಗೆ ಹೋಗಿ ಬಂದೆವು, ಕುಮಾರವ್ಯಾಸ ಕೂತು ಭಾರತ ಬರೆದ ಅಂತ ಹೇಳುವ ಕಂಬ ಅಲ್ಲಿದೆ. ಆಮೇಲೆ ಮಿರ್ಚಿ, ಮಂಡಕ್ಕಿ ತಿಂದು ಲಕ್ಕುಂಡಿ ಕಡೆ ಹೊರಟೆವು. ಹತ್ತಿರವೇ, 12 ಕಿಲೋಮೀಟರ್. ಬಾವಿ ನೋಡಬೇಕಿತ್ತು. ಒಂದು ಮ್ಯಾಪ್ ನಮ್ಮನ್ನು ಯಾರದೋ ಹೊಲದ ಬೇಲಿಗೆ ತಂದು ನಿಲ್ಲಿಸಿ, ಬಂದಿರಿ ಅಂತ ಹೇಳಿತು. ಎಮ್ಮೆ ಮೇಯಿಸುತ್ತಿದ್ದ ಹುಡುಗ ದಾರಿ ತೋರಿಸಿದ. ಮೆಟ್ಟಿಲಿಳಿದು ಮುಸುಕಿನ ಬಾವಿಯ ಒಳಗೆ ನಿಂತರೆ ಮೇಲಿನ ಬಿಸಿಲೇ ಮರೆತುಹೋಗುತ್ತದೆ. ಮೆಟ್ಟಿಲ ಬದಿಗೆ ಸಾಲಾಗಿ ಪುಟ್ಟ ಪುಟ್ಟ ಗುಡಿಗಳು. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯ, ಕಾಶಿ ವಿಶ್ವನಾಥ ಗುಡಿ, ಎಲ್ಲ ನೋಡುವಷ್ಟರಲ್ಲಿ ಮೂರು ಗಂಟೆ. ತಪ್ಪು ಚುಕ್ಕಿಗೆ ಸರಿಯಾದ ಜಾಗ ಯಾವುದು ಅಂತ ಅಲ್ಲೇ ನಿಂತು ತಿದ್ದುಪಡಿ ಕಳಿಸಿದೆವು. ಅಲ್ಲೇ ನಿಂತು ಮಾಡಬೇಕು, ಮನೆಗೆ ಹೋಗಿ ಮಾಡೋಣ ಅಂದರೆ ಮರೆತೇಹೋಗುತ್ತದೆ.

ಲಕ್ಷ್ಮೇಶ್ವರ ದಾಟಿದ ಮೇಲೆ ಫೋನಿಗೆ ನೆಟ್‌ವರ್ಕ್ ಇಲ್ಲ. ಆರ್ಗ್ಯಾನಿಕ್ ಮ್ಯಾಪ್ಸ್ ಆ್ಯಪಿನಲ್ಲಿ ಕರ್ನಾಟಕದ ಮ್ಯಾಪನ್ನು ರಾತ್ರಿಯೇ ಇಳಿಸಿಕೊಂಡಿದ್ದು ಆಗ ಉಪಯೋಗಕ್ಕೆ ಬಂತು. ಇಂಟರ್‌ನೆಟ್ ಇಲ್ಲದಿದ್ದರೂ ಅದು ದಾರಿ ತೋರಿಸುತ್ತದೆ. ಸವಣೂರಿನಲ್ಲಿ ದೊಡ್ಡ ಹುಣಸೆ ಮರ ನೋಡಿದೆವು. ಹುಣಸೆ ಅಂತ ಕರೆದರೂ ಅದು ಆಫ್ರಿಕಾದ ಬಾವೋಬಾಬ್ ಜಾತಿ. ಸವಣೂರು ಖಾರಾ ಕಟ್ಟಿಸಿಕೊಂಡು ಹಾವೇರಿಗೆ ಬಂದಾಗ ಕತ್ತಲಾಗಿತ್ತು.

ಸೋಮವಾರ, ಬ್ಯಾಡಗಿ ಮತ್ತು ಹಾವೇರಿ

ಬ್ಯಾಡಗಿ ಊರು ಇನ್ನೂ ದೂರ ಇರುವಾಗಲೇ ಮೂಗಿಗೆ ಗೊತ್ತಾಗುತ್ತದೆ. ಮೋಟೆಬೆನ್ನೂರಿನಲ್ಲಿ ಹೆದ್ದಾರಿ ಬಿಟ್ಟು ಒಳಗೆ ತಿರುಗಿದ ಸ್ವಲ್ಪ ಹೊತ್ತಿಗೆ ತಮ್ಮನಿಗೆ ಸೀನು ಶುರುವಾಯಿತು. ರಸ್ತೆ ಎರಡೂ ಬದಿ ಕೋಲ್ಡ್ ಸ್ಟೋರೇಜ್. ಲಾರಿ, ಟ್ರ್ಯಾಕ್ಟರ್, ಚೀಲ, ಚೀಲದ ಮೇಲೆ ಚೀಲ. ಮ್ಯಾಪ್ ಈ ರಸ್ತೆಗೆ ಐದು ನಿಮಿಷ ಅಂತ ತೋರಿಸಿತು, ನಮಗೆ ಹಿಡಿದದ್ದು ನಲವತ್ತು. ಮಾರುಕಟ್ಟೆ ದಿನ ಗಾಡಿಯನ್ನು ಊರ ಹೊರಗೇ ನಿಲ್ಲಿಸಿ ನಡೆದು ಹೋಗಿ, ಇದು ಹೋಗುವವರಿಗೆ ನನ್ನ ಮಾತು.

ಮಾರುಕಟ್ಟೆಯಲ್ಲಿ ಕಣ್ಣು ಹಾಯಿಸಿದಷ್ಟೂ ಕೆಂಪು. ಇದು ಮಾಡುವ ಜಾಗ ಅಲ್ಲ, ಮಾರುವ ಜಾಗ, ನಮ್ಮ ನಿಯಮಕ್ಕೆ ಹೊರಗಿನದು. ಆದರೂ ಬರಬೇಕಿತ್ತು, ಯಾಕೆ ಅಂತ ಇಲ್ಲಿ ಬಂದಮೇಲೆ ಇನ್ನೂ ಸರಿಯಾಗಿ ಅರ್ಥವಾಯಿತು. ಬ್ಯಾಡಗಿ ಮೆಣಸಿನಕಾಯಿ ಅಂತ ನಾವು ಕರೆಯುವುದರಲ್ಲಿ ಬಹಳ ಪಾಲು ಬ್ಯಾಡಗಿಯಲ್ಲಿ ಬೆಳೆದದ್ದಲ್ಲ. ಗದಗ, ಬಳ್ಳಾರಿ, ರಾಯಚೂರು ಕಡೆಯಿಂದ, ಆಂಧ್ರದಿಂದಲೂ ರೈತರು ತರುತ್ತಾರೆ. ಊರಿನ ಹೆಸರು ಮಾರುಕಟ್ಟೆಯಿಂದ ಕಾಯಿಗೆ ಅಂಟಿಕೊಂಡಿದೆ. 2011ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿತು.

ದಲಾಲಿ ಅಂಗಡಿಯ ಒಬ್ಬರು ಎರಡು ಕಾಯಿ ಅಂಗೈ ಮೇಲೆ ಇಟ್ಟು ತೋರಿಸಿದರು. ಒಂದು ಡಬ್ಬಿ, ಗಿಡ್ಡ, ದುಂಡು, ಮೈಯೆಲ್ಲ ಸುಕ್ಕು. ಇನ್ನೊಂದು ಕಡ್ಡಿ, ಉದ್ದ, ತೆಳ್ಳಗೆ. "ಡಬ್ಬಿ ಮುರಿದು ನೋಡ್ರಿ." ಮುರಿದೆ. ಬೆರಳಿಗೆ ಬಣ್ಣ ಹತ್ತಿತು, ನಾಲಿಗೆಗೆ ಇಟ್ಟರೆ ಉರಿ ಅಷ್ಟಿಲ್ಲ. ಬಣ್ಣಕ್ಕೇ ಇದಕ್ಕೆ ಬೆಲೆ. ಅದರಿಂದ ತೆಗೆದ ಓಲಿಯೋರೆಸಿನ್ ಅನ್ನುವ ಬಣ್ಣದ ಗಟ್ಟಿ ಎಣ್ಣೆ ಲಿಪ್‌ಸ್ಟಿಕ್ಕಿಗೂ ಹೋಗುತ್ತದೆ. ರಾಶಿಗೆ ರಾಶಿ ನೋಡಿಕೊಂಡು ವ್ಯಾಪಾರಿಗಳು ಇ-ಟೆಂಡರಿನಲ್ಲಿ ದರ ಹಾಕುತ್ತಾರೆ, ರೈತರು ತಮ್ಮ ಚೀಲದ ಪಕ್ಕ ಟವೆಲ್ ಹಾಸಿಕೊಂಡು ದರ ಬರುವುದನ್ನೇ ಕಾಯುತ್ತಾರೆ. ರೋಣದ ಕಡೆಯಿಂದ ಬಂದ ಒಬ್ಬ ಹಿರಿಯರು ಹಿಂದಿನ ರಾತ್ರಿಯೇ ಬಂದು ಚೀಲದ ಮೇಲೇ ಮಲಗಿದ್ದರಂತೆ. ಅವರ ಹತ್ತಿರ ಕೂತು ಮಾತಾಡಿದ್ದು ನನಗೆ ಈ ಮೂರು ದಿನದಲ್ಲಿ ಬಹಳ ಬೇಕಾದ ಹೊತ್ತು. ಈ ಸಲ ಬೆಳೆ ಹೇಗೆ, ಕೂಲಿ ಎಷ್ಟು, ಬಿಡಿಸುವವರು ಸಿಗುವುದಿಲ್ಲ, ಎಲ್ಲ ಹೇಳಿದರು. ನಮ್ಮ ಹೊಲಕ್ಕೆ ಬರ್ರಿ, ಕಾಯಿ ಒಣಗಿ ಹಾಕಿದಾಗ ನೋಡಬೇಕು ಅಂದರು. ಅವರ ಊರಿನ ಹೆಸರು ನಮ್ಮ ಮ್ಯಾಪಿನಲ್ಲಿ ಹಳದಿ ಚುಕ್ಕಿ ಆಗಿ ಕೂತಿದೆ, ಮುಂದಿನ ಜನವರಿಗೆ.

ಮಧ್ಯಾಹ್ನ ಹಾವೇರಿಗೆ ವಾಪಸ್. ಏಲಕ್ಕಿ ಹಾವೇರಿಯಲ್ಲಿ ಬೆಳೆಯುವುದಿಲ್ಲ. ಹಿಂದೆ ಮಲೆನಾಡಿನಿಂದ ಇಲ್ಲಿಗೆ ಬರುತ್ತಿತ್ತು, ಇಲ್ಲಿನ ಬಾವಿ ನೀರಿನಲ್ಲಿ ತೊಳೆದು ಬೆಳ್ಳಗೆ ಮಾಡಿ ವ್ಯಾಪಾರ ಮಾಡುತ್ತಿದ್ದರು. ಆ ವ್ಯಾಪಾರ ಕರಗಿತು, ಹಾರ ಉಳಿಯಿತು. ಪಟವೇಗಾರ ಮನೆತನದವರು ತಲೆಮಾರುಗಳಿಂದ ಕಟ್ಟುತ್ತಾ ಬಂದಿದ್ದಾರೆ. ನಾವು ನೋಡಿದ ಕಡೆ ಮೂವರು ಕೂತು ಕಟ್ಟುತ್ತಿದ್ದರು. ಮೊದಲು ಏಲಕ್ಕಿ ಆರಿಸುತ್ತಾರೆ, ಒಂದೇ ಅಳತೆ, ಒಂದೇ ಬಣ್ಣ, ಬಾಯಿ ಬಿಟ್ಟದ್ದು ಬೇಡ. ಆಮೇಲೆ ಸೂಜಿಯಿಂದ ಪೋಣಿಸುವುದು, ನಡುವೆ ಮಣಿ, ಜರಿ, ಬಣ್ಣದ ಉಲ್ಲನ್ ದಾರ. ಎಷ್ಟು ಎಳೆ ಅನ್ನುವುದರ ಮೇಲೆ ಹಾರದ ದೊಡ್ಡಸ್ತಿಕೆ. ಸೂಜಿ ಏಲಕ್ಕಿಗೆ ಚುಚ್ಚಿದಾಗಲೆಲ್ಲ ಸಣ್ಣಗೆ ಘಮ ಬರುತ್ತದೆ, ಕೋಣೆ ತುಂಬಾ ಅದೇ. ಒಬ್ಬರ ಬೆರಳ ತುದಿ ನೋಡಿದೆ, ಸೂಜಿ ತಾಗಿ ತಾಗಿ ಚರ್ಮ ಗಟ್ಟಿಯಾಗಿ ಹೊಳೆಯುತ್ತಿತ್ತು.

ಸಭೆ, ಸಮಾರಂಭದಲ್ಲಿ ದೊಡ್ಡವರ ಕೊರಳಿಗೆ ಬೀಳುವ ಈ ಹಾರವನ್ನು ನಾವೆಲ್ಲ ಫೋಟೋದಲ್ಲಿ ನೋಡಿದ್ದೇವೆ. ಕಟ್ಟುವ ಕೈ ಯಾರದು ಅಂತ ಹಾವೇರಿಗೆ ಬಂದು ಕೇಳಿದವರು ಎಷ್ಟು ಜನ ಇದ್ದೇವೆ? ಇಲ್ಲಿ ಅನುಮತಿ ಕೇಳಿದಾಗ ನಮ್ಮ ಅಂಗಡಿಯನ್ನು ಮ್ಯಾಪಿನಲ್ಲಿ ಹಾಕಿರಿ, ಅಲ್ಲೇ ಕಟ್ಟುತ್ತೇವೆ ಅಂತಲೂ ಬರೆಯಿರಿ ಅಂದರು. ಬರೆದುಕೊಂಡೆವು.

ಸೋಮವಾರ ರಾತ್ರಿ, ಮತ್ತೆ ಹುಬ್ಬಳ್ಳಿ

ಮನೆಗೆ ಬಂದು ಸ್ನಾನ ಮಾಡಿ ಲ್ಯಾಪ್‌ಟಾಪ್ ಮುಂದೆ ಕೂತೆವು. ಯೂಮ್ಯಾಪ್‌ನಲ್ಲಿದ್ದ ನಮ್ಮ ಚುಕ್ಕಿಗಳಲ್ಲಿ ಅನುಮತಿ ಸಿಕ್ಕಿದ್ದನ್ನು ಓಪನ್‌ಸ್ಟ್ರೀಟ್‌ಮ್ಯಾಪಿಗೆ ಏರಿಸುವ ಕೆಲಸ. ಇಲ್ಲಿ ಒಂದು ನಿಯಮ ಇದೆ, ಬೇರೆ ಕಂಪನಿಗಳ ಮ್ಯಾಪಿನಿಂದ ನಕಲು ಮಾಡಿ ಹಾಕುವ ಹಾಗಿಲ್ಲ, ಸ್ವತಃ ನೋಡಿ ತಿಳಿದದ್ದನ್ನು ಹಾಕಬೇಕು. ನನಗೆ ಈ ನಿಯಮ ತುಂಬಾ ಹಿಡಿಸಿತು. ಹೆಸರನ್ನು ಇಂಗ್ಲಿಷಿನಲ್ಲಷ್ಟೇ ಬರೆದು ಬಿಡಬೇಡಿ, ಕನ್ನಡದ ಹೆಸರಿಗೆ ಅಲ್ಲಿ ಬೇರೆ ಜಾಗವೇ ಇದೆ, ಅದನ್ನೂ ತುಂಬಿ. ಶನಿವಾರ ನಾನು ಸೋಡಾ ಅಂತ ಕನ್ನಡದಲ್ಲಿ ಹುಡುಕಿದಾಗ ಮಾಡುವ ಜಾಗ ಒಂದೂ ಬರಲಿಲ್ಲ ಅಲ್ವಾ, ಹಾಗೆ ಇನ್ನೊಬ್ಬರಿಗೆ ಆಗಬಾರದು. ಆಂಡ್ರಾಯ್ಡ್ ಫೋನ್ ಇರುವವರಿಗೆ ಸ್ಟ್ರೀಟ್‌ಕಂಪ್ಲೀಟ್ ಅಂತ ಒಂದು ಆ್ಯಪ್ ಇದೆ, ಓಣಿಯಲ್ಲಿ ನಡೆಯುವಾಗ ಈ ಅಂಗಡಿ ಎಷ್ಟಕ್ಕೆ ತೆರೆಯುತ್ತೆ, ಈ ರಸ್ತೆ ಡಾಂಬರಿನದಾ ಅಂತ ಸಣ್ಣ ಸಣ್ಣ ಪ್ರಶ್ನೆ ಕೇಳುತ್ತದೆ, ಉತ್ತರ ಒತ್ತಿದರೆ ಆಯಿತು. ಶುರು ಮಾಡಲು ಅದು ಸುಲಭ.

ಪೇಡಾದ ಸಣ್ಣ ಅಂಗಡಿಗೆ ಮಿಠಾಯಿ ಅಂಗಡಿ ಅನ್ನುವ ಟ್ಯಾಗ್ ಮೊದಲೇ ಇತ್ತು, ಇಲ್ಲೇ ತಯಾರಾಗುತ್ತದೆ ಅಂತ ವಿವರಣೆಯಲ್ಲಿ ಸೇರಿಸಿದೆವು. ಹಾರದ ಅಂಗಡಿಗೂ ಹಾಗೇ. ಸೋಡಾಕ್ಕೆ ಯಾವ ಟ್ಯಾಗ್ ಅಂತ ಬಹಳ ಹೊತ್ತು ಚರ್ಚೆ ಆಯಿತು. ಕೊನೆಗೆ ತಯಾರಿಕಾ ಘಟಕ ಅಂತ ಹಾಕಿ, ಏನು ತಯಾರಾಗುತ್ತದೆ ಅನ್ನುವ ಕಡೆ ಸೋಡಾ ಅಂತ ಬರೆದೆವು. ಹೆಸರಿನ ಜಾಗದಲ್ಲಿ ಏನು ಬರೆಯುವುದು? ಶೆಡ್ಡಿಗೆ ಬೋರ್ಡೇ ಇರಲಿಲ್ಲ. ಪಾನ್ ಅಂಗಡಿಯವರು ಗೋಲಿ ಸೋಡಾ ಮಾಡೋ ಅಜ್ಜಾರ ಅಂತ ಕರೆದದ್ದು ನೆನಪಾಯಿತು, ಆದರೆ ಅದು ಹೆಸರಲ್ಲ. ಆ ಜಾಗ ಖಾಲಿ ಬಿಟ್ಟೆವು.

ತೆರೆಯುವ ಹೊತ್ತು ಅನ್ನುವ ಕಡೆ ಬಂದಾಗ ತಮ್ಮ ಕೀಬೋರ್ಡನ್ನು ನನ್ನ ಕಡೆ ತಳ್ಳಿದ. ಫೋನಿನಲ್ಲಿ ಬರೆದುಕೊಂಡದ್ದನ್ನು ನೋಡಿ, 15:00ರ ನಂತರ ಅಂತ ತುಂಬಿದೆ. ಅದರ ಕೆಳಗೆ ವಿವರಣೆಯಲ್ಲಿ ಅಜ್ಜ ಹೇಳಿದ್ದನ್ನೇ ಕನ್ನಡದಲ್ಲಿ ಬರೆದೆ: ಮುಂಜಾನೆ ಕೆಲಸ ಇರುತ್ತದೆ, ಮಧ್ಯಾಹ್ನ ಮೂರರ ಮೇಲೆ ಬನ್ನಿ.